ಕಕ್ಕದ ಆಪಾ ಮತ್ತು ಹನಿ ಹಿಡಿಯದ ಕೂಸು

ಢಾಕಾ ನಗರದ ಮೀರ್ಪುರದ ಕಾಲುವೆ ಪಕ್ಕದ ಗಲ್ಲಿಗೆ ಅಂಬಿಯಾ ಖಾತುನ್ ಕಾಲಿಟ್ಟರೆ ಸಾಕು, ಮಕ್ಕಳೆಲ್ಲ "ಕಕ್ಕದ ಆಪಾ ಬಂದ್ಲು, ಚಡ್ಡಿ ಭದ್ರ!" ಎಂದು ಕೂಗುತ್ತ ತಗಡಿನ ಗೋಡೆಗಳನ್ನು ಬಡಿದುಕೊಂಡು ಓಡುತ್ತಿದ್ದವು. ಆಪಾ, ಅಂದರೆ ಅಕ್ಕ, ಅಂತ ಕರೆದೇ ಇಷ್ಟು ಗೇಲಿ. ಬೇರೆ ಯಾರಾದರೂ ಆಗಿದ್ದರೆ ಅಳುತ್ತಲೋ ಬೈಯುತ್ತಲೋ ಕೆಲಸ ಬಿಟ್ಟು ಹೋಗುತ್ತಿದ್ದರು. ಅಂಬಿಯಾ ಮಾತ್ರ ಹೆಗಲ ಮೇಲಿನ ನೀಲಿ ಐಸ್ ಪೆಟ್ಟಿಗೆಯನ್ನು ಸರಿಮಾಡಿಕೊಂಡು, "ನಿಮ್ದು ಯಾರಿಗೆ ಬೇಕ್ರೋ ಕೋತಿಗಳಾ! ಬೀದೀಲಿ ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕೆಡಿಸ್ಕೊಂಡಿದೀರ. ಹಾಲು ಕುಡಿಯೋ ಕೂಸಿಂದು ಮಾತ್ರ ನನಗೆ ಚಿನ್ನ," ಎಂದು ತಿರುಗಿ ಹೇಳಿ ಮುಂದಿನ ಮನೆಗೆ ನುಗ್ಗುತ್ತಿದ್ದಳು.

ಅವಳ ಕೆಲಸವೇ ಅದು. ಭೇದಿರೋಗ ಬಾರದಿರಲೆಂದು ಎಳೆಗೂಸುಗಳ ಬಾಯಿಗೆ ಲಸಿಕೆಯ ಹನಿ ಹಾಕುತ್ತಾರಲ್ಲ, ಆ ಹನಿಯ ಮೇಲೆ ಸಂಶೋಧನೆ ಮಾಡುವ ಒಂದು ಕೇಂದ್ರಕ್ಕಾಗಿ ಮನೆಮನೆಯಿಂದ ಕೂಸುಗಳ ಕಕ್ಕ ಕೂಡಿಸಿ ತರುವುದು. ಇದಕ್ಕೆ ಮುಂಚೆ ಅವಳು ಗಾರ್ಮೆಂಟ್ಸ್‌ನಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಅದಕ್ಕೂ ಮುಂಚೆ ಭೋಲಾದ ಒಂದು ನದೀದಿಬ್ಬದ ಮೇಲೆ ಗಂಡನ ಜೊತೆ ಮೆಣಸಿನಕಾಯಿ ಬೆಳೆಯುತ್ತಿದ್ದಳು. ಮೇಘನಾ ನದಿ ಆ ದಿಬ್ಬವನ್ನೂ ಮೆಣಸಿನಕಾಯನ್ನೂ ತಿಂದು ಹಾಕಿತು. ಗಂಡ ಢಾಕಾಕ್ಕೆ ಬಂದು ಇನ್ನೊಂದು ಮದುವೆ ಮಾಡಿಕೊಂಡ. "ಹಾಳಾಗಿ ಹೋಗ್ಲಿ, ಅವನನ್ನ ಸಾಕೋ ಕೆಲಸ ಆದ್ರೂ ತಪ್ತಲ್ಲ," ಎಂದು ಅಂಬಿಯಾ ಹೊಲಿಗೆ ಯಂತ್ರದ ಮುಂದೆ ಕೂತಳು. ಕಣ್ಣು ಮಂಜಾಗುವವರೆಗೂ ಹೊಲಿದು, ಆಮೇಲೆ ಈ ಕೆಲಸಕ್ಕೆ ಬಂದಳು. ಓದು ಬರಹ ಬರುತ್ತಿತ್ತು, ವಾಸನೆಗೆ ಮೂಗು ಮುರಿಯುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದೂ ಅಷ್ಟೇ.

ಬಂದ ಹೊಸದರಲ್ಲಿ ಅವಳಿಗೆ ಇದೆಲ್ಲ ಹುಚ್ಚರ ಸಂತೆ ಅನ್ನಿಸಿತ್ತು. ಕೇಂದ್ರದ ಡಾಕ್ಟರ್ ನಾಹಿದ್ ಸುಲ್ತಾನಾ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. ಹನಿಯಲ್ಲಿ ಇರುವುದು ಬಲ ಕುಂದಿಸಿದ ರೋಗಾಣು. ಅದು ಕೂಸಿನ ಕರುಳಿನಲ್ಲಿ ನಾಲ್ಕು ದಿನ ತಂಗಬೇಕು. ಆಗ ದೇಹ ಅದರ ಮುಖ ನೋಡಿ ಗುರುತಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ರೋಗ ಬಂದಾಗ ಹೊಡೆದು ಓಡಿಸುತ್ತದೆ. ಶ್ರೀಮಂತ ದೇಶದ ಕೂಸುಗಳಲ್ಲಿ ಈ ಹನಿ ಚೆನ್ನಾಗಿ ಹಿಡಿಯುತ್ತದೆ. ಅದೇ ಹನಿ, ಅದೇ ಸೀಸೆ, ಇಲ್ಲಿಯ ಎಷ್ಟೋ ಕೂಸುಗಳಲ್ಲಿ ಹಿಡಿಯುವುದೇ ಇಲ್ಲ. ಯಾಕೆ?

"ಕೂಸಿನ ಹೊಟ್ಟೇಲಿ ಒಂದು ಊರೇ ಇದೆ ಅಂಬಿಯಾ ಆಪಾ. ಕಣ್ಣಿಗೆ ಕಾಣದ ಜೀವಿಗಳು, ಲೆಕ್ಕಕ್ಕೇ ಸಿಗಲ್ಲ. ಅವುಗಳ ಕೈವಾಡ ಇದೆಯೇನೋ ಅಂತ ನಮ್ಮ ಅನುಮಾನ," ಎಂದಿದ್ದಳು ಡಾಕ್ಟರ್.

"ಅಂದ್ರೆ ನಮ್ಮ ಗಲ್ಲಿ ಥರಾನೇ ಅನ್ನಿ," ಎಂದಿದ್ದಳು ಅಂಬಿಯಾ. "ಹೊಸಬ ಬಂದ್ರೆ ಕೆಲವು ಗಲ್ಲೀಲಿ ಚಾಪೆ ಹಾಸ್ತಾರೆ, ಕೆಲವು ಗಲ್ಲೀಲಿ ನಾಯಿ ಬಿಡ್ತಾರೆ."

ಆವತ್ತಿನಿಂದ ಅವಳ ತಲೆಗೆ ಹುಳ ಹೊಕ್ಕಿತು. ಯಾವ ಕೂಸಿನ ಹೊಟ್ಟೆಯಲ್ಲಿ ಚಾಪೆ, ಯಾವುದರಲ್ಲಿ ನಾಯಿ? ಈ ತಾಯಿ ಏನು ತಿನ್ನುತ್ತಾಳೆ, ಆ ಮನೆಯ ನೀರು ಎಲ್ಲಿಯದು ಎಂದು ನೋಡುತ್ತಾ ನೋಡುತ್ತಾ ಓಡಾಡುವಳು. ಸಂಬಳ ಕೊಡುವವರು ಕಕ್ಕ ತಾ ಅಂದಿದ್ದರು, ಯೋಚನೆ ಮಾಡು ಅಂದಿರಲಿಲ್ಲ. ಆದರೆ ಯೋಚನೆಗೆ ಯಾರಪ್ಪನ ಅಪ್ಪಣೆ ಬೇಕು!

ಗಲ್ಲಿಯ ತುದಿಯಲ್ಲಿ, ರಿಕ್ಷಾ ನಿಲ್ಲಿಸುವ ಕೊಟ್ಟಿಗೆಯ ಹಿಂದೆ, ಇದ್ರಿಸ್‌ನ ಒಂದೇ ಕೋಣೆಯ ಮನೆ. ಅವನು ರಿಕ್ಷಾ ತುಳಿಯುತ್ತಿದ್ದ. ಹೆಂಡತಿ ಮೊರ್ಜಿನಾ, ತಾಯಿ ಗೋಲೆನೂರ್, ಮತ್ತೆ ಅವಳಿ ಕೂಸುಗಳು. ಗಂಡು ರಾಹಾತ್, ಹೆಣ್ಣು ಟುನಿ. ಇಬ್ಬರಿಗೂ ಒಂದೇ ದಿನ ಹನಿ ಹಾಕಿದ್ದರು, ಇಬ್ಬರೂ ಸಂಶೋಧನೆಗೆ ಸೇರಿದ್ದರು. ಅಂಬಿಯಾಗೆ ಈ ಮನೆಯೆಂದರೆ ಪ್ರಾಣ. ಗಲ್ಲಿಯಲ್ಲಿ ಉಳಿದವರು ಮೂಗಿಗೆ ಸೆರಗು ಹಿಡಿದು ಡಬ್ಬಿಯನ್ನು ಹೊಸ್ತಿಲಲ್ಲೇ ತಳ್ಳುತ್ತಿದ್ದರೆ, ಗೋಲೆನೂರ್ ಮುದುಕಿ ಬೆತ್ತದ ಚಾಪೆ ಹಾಸಿ, ಸಾಸಿವೆಯೆಣ್ಣೆ ಕಲಸಿದ ಮಂಡಕ್ಕಿ, ಹಸಿಮೆಣಸಿನಕಾಯಿ, ಬಿಸಿ ಚಹಾ ತಂದಿಡುವಳು.

"ನೀ ಕೂತ್ಕೋ ಮಗಾ. ಮೊಣಕಾಲು ನೋವಲ್ವಾ ನಿಂಗೆ? ಆ ಡಬ್ಬಿಗಳ ಇತ್ತ ಕೊಡು, ನಾನೇ ತುಂಬಿಸಿ ತರ್ತೀನಿ," ಎನ್ನುವಳು.

ನಿಯಮದ ಪ್ರಕಾರ ಕೂಸಿನ ಬಟ್ಟೆ ಬಿಚ್ಚಿ ಕಕ್ಕ ತೆಗೆಯಬೇಕಾದವಳು ಅಂಬಿಯಾ. ಆದರೆ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು, ಮಂಡಕ್ಕಿ ನಿಜವಾಗಿಯೂ ರುಚಿಯಾಗಿತ್ತು. ಇಲ್ಲಿ ಕೂರದೆ ಎದ್ದುಹೋದರೆ ಮುದುಕಿಯ ಮುಖ ಇಷ್ಟುದ್ದ ಆಗುತ್ತಿತ್ತು. ಹಾಗಾಗಿ ಅವಳು ಕೂರುತ್ತಿದ್ದಳು. ಮುದುಕಿ ಪರದೆಯ ಹಿಂದೆ ಹೋಗಿ ಎರಡು ಡಬ್ಬಿ ತುಂಬಿಸಿ ತರುವಳು. ಹಳದಿ, ಹದವಾದ, ಒಂದಿಷ್ಟೂ ಕೆಟ್ಟ ವಾಸನೆಯಿಲ್ಲದ ಮಾಲು. ಅಂಬಿಯಾ ನಂಬರ್ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಗೆ ಇಳಿಸುವಳು.

ಚಳಿಗಾಲಕ್ಕೆ ಸ್ವಲ್ಪ ಮುಂಚೆ ಒಂದು ದಿನ ಡಾಕ್ಟರ್ ನಾಹಿದ್ ಅವಳನ್ನು ಒಳಗೆ ಕರೆದಳು. ಕಂಪ್ಯೂಟರ್ ಪರದೆಯ ಮೇಲೆ ಬಣ್ಣಬಣ್ಣದ ಎರಡು ಕಂಬಗಳಿದ್ದವು. ಒಂದೊಂದು ಬಣ್ಣ ಒಂದೊಂದು ಜಾತಿಯ ಜೀವಿ. ಎರಡೂ ಕಂಬಗಳು ಒಂದೇ ಬಟ್ಟೆಯಿಂದ ಕತ್ತರಿಸಿದ ಹಾಗಿದ್ದವು.

"ನೋಡಿ ಆಪಾ, ಅವಳಿಗಳು ಇವು. ಹೊಟ್ಟೆ ಒಳಗಿನ ಊರು ಒಂದೇ. ಆದ್ರೆ ರಕ್ತ ನೋಡಿದ್ರೆ, ಒಬ್ಬನಿಗೆ ಹನಿ ಹಿಡಿದಿದೆ, ಇನ್ನೊಬ್ಬಳಿಗೆ ಗುರುತೇ ಇಲ್ಲ. ಹಾಗಾದ್ರೆ ಈ ಜೀವಿಗಳದ್ದೇನೂ ಕೈವಾಡ ಇಲ್ವಾ? ಇಷ್ಟು ವರ್ಷ ನಾವು ಕತ್ತೆ ಕಾದಿದ್ದಾ?" ಡಾಕ್ಟರ್ ಬೇಸರದಲ್ಲಿರಲಿಲ್ಲ, ಕಣ್ಣು ಹೊಳೆಯುತ್ತಿತ್ತು. ಇಂಥ ಒಗಟು ಸಿಕ್ಕರೆ ಅವಳಿಗೆ ಊಟ ಬೇಡ.

ಪರದೆಯ ಮೇಲೆ ಹೆಸರಿರಲಿಲ್ಲ, ಬರೀ ನಂಬರ್. ಆದರೆ ಆ ನಂಬರ್ ಅಂಟಿಸಿದವಳೇ ಅಂಬಿಯಾ. ಟುನಿಯ ನಂಬರ್ ಅವಳಿಗೆ ತಕ್ಷಣ ಗುರುತು ಸಿಕ್ಕಿತು.

"ಹಿಡೀದೇ ಇದ್ದದ್ದು ಹೆಣ್ಣಿಗಲ್ವಾ? ಚಳಿಗಾಲ ಬಂದೇಬಿಡ್ತು ಡಾಕ್ಟರ್ ಆಪಾ. ಈ ಭೇದಿ ಬರೋದೇ ಚಳೀಲಿ. ಆ ಕೂಸು ಬರೀ ಮೂಳೆ."

"ರಕ್ತದಲ್ಲಿ ಗುರುತಿಲ್ಲ ಅಂದ ಮಾತ್ರಕ್ಕೆ ಕಾಪಾಡಲ್ಲ ಅಂತಾನೂ ಹೇಳೋಕಾಗಲ್ಲ," ಎಂದಳು ನಾಹಿದ್. "ಆದ್ರೆ ಕೂಸಿನ ಮೇಲೆ ಕಣ್ಣಿಟ್ಟಿರಿ."

ಕೇಂದ್ರಕ್ಕೆ ಶುಕ್ರವಾರ, ಶನಿವಾರ ರಜ. ಶುಕ್ರವಾರ ಅಂಬಿಯಾ ಮನೆಯಲ್ಲಿ ಬೇಳೆ ಬೇಯಿಸಲು ಕೂತಳು, ಬೇಳೆ ಹೊತ್ತಿತು. ಒಂದೇ ಬಸಿರು, ಒಂದೇ ಎದೆ, ಒಂದೇ ಚಾಪೆ, ಹೊಟ್ಟೆಯೊಳಗಿನ ಊರೂ ಒಂದೇ. ಆದರೆ ಗಂಡು ಲಾಡು ಉಂಡೆ, ಹೆಣ್ಣು ಒಣಗಿದ ಹೀರೇಕಾಯಿ. ಹೇಗೆ ಸಾಧ್ಯ? ಕಡೆಗೆ ತಡೆಯಲಾರದೆ, ಪೆಟ್ಟಿಗೆಯಿಲ್ಲದೆ, ಬರಿಗೈ ಬೀಸಿಕೊಂಡು ಗಲ್ಲಿಗೆ ಹೊರಟಳು.

ನಲ್ಲಿಯ ಕಟ್ಟೆಯ ಮೇಲೆ ಗೋಲೆನೂರ್ ಮುದುಕಿ ಕೂಸುಗಳ ಬಟ್ಟೆ ಒಗೆಯುತ್ತಿದ್ದಳು. ಎರಡು ಗುಡ್ಡೆ. ಒಂದರಲ್ಲಿ ಹಳದಿ ಕಲೆ. ಇನ್ನೊಂದು ಪೂರ್ತಿ ಹಸಿರು, ಲೋಳೆ, ದೂರಕ್ಕೇ ನಾರುತ್ತಿತ್ತು. ಅಂಬಿಯಾ ಅಲ್ಲೇ ನಿಂತುಬಿಟ್ಟಳು.

"ಇದ್ಯಾರ್ದು ಖಾಲಾ?" ಮುದುಕಿಯನ್ನು ಅವಳು ಚಿಕ್ಕಮ್ಮ ಎನ್ನುವಂತೆ ಖಾಲಾ ಎನ್ನುತ್ತಿದ್ದಳು.

"ಟುನೀದು. ಇನ್ಯಾರ್ದು?"

"ಯಾವಾಗಿಂದ ಹಿಂಗೆ?"

"ಅಯ್ಯೋ, ಅದು ಮೊದ್ಲಿಂದ್ಲೂ ಹಿಂಗೇ. ನೀರು ಹೊಟ್ಟೆ ಮುಂಡೇದು. ಒಗ್ದೂ ಒಗ್ದೂ ನನ್ನ ರಟ್ಟೆ ಬಿತ್ತು."

"ಮತ್ತೆ... ಮತ್ತೆ ನನ್ನ ಡಬ್ಬೀಲಿ? ಟುನಿ ಡಬ್ಬೀಲಿ ಬರ್ತಿದ್ದಿದ್ದು ಬಂಗಾರದ ಥರ ಇತ್ತಲ್ಲ ಖಾಲಾ!"

ಮುದುಕಿ ಸೋಪು ಕೆಳಗಿಟ್ಟು, ಬುದ್ಧಿ ನೆಟ್ಟಗಿಲ್ಲದವಳನ್ನು ನೋಡುವಂತೆ ಅವಳನ್ನು ನೋಡಿದಳು. "ಮತ್ತಿನ್ನೇನು, ಮನೆಗೆ ಬಂದೋಳ ಕೈಗೆ ಈ ಹೊಲಸು ಕೊಟ್ಟು ಕಳಿಸ್ಲಾ? ನಮ್ಮದು ಬಡತನ ಇರ್ಬೋದು, ಮರ್ಯಾದೆ ಇಲ್ವಾ? ರಾಹಾತಂದೇ ಎರಡು ಪಾಲು ಮಾಡಿ ಕೊಡ್ತಿದ್ದೆ. ನಾವು ಬರಿಶಾಲದವ್ರು ಕಣಮ್ಮಾ. ಬಂದೋರಿಗೆ ಮನೇಲಿರೋದ್ರಲ್ಲಿ ಒಳ್ಳೇದನ್ನೇ ಕೊಟ್ಟು ಅಭ್ಯಾಸ."

ಅಂಬಿಯಾಗೆ ಮೊದಲು ಬಂದದ್ದು ನಗು. ಕಟ್ಟೆ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಪಕ್ಕದಲ್ಲಿ ಕೊಡ ಹಿಡಿದು ನಿಂತಿದ್ದ ಹೆಂಗಸರೂ ಏನು ಎತ್ತ ಅಂತ ತಿಳಿಯದೆ ನಕ್ಕರು. ಅಲ್ಲಿ ಡಾಕ್ಟರ್ ಊಟ ಬಿಟ್ಟು ಒಗಟು ಬಿಡಿಸುತ್ತಿದ್ದಾಳೆ, ಇಲ್ಲಿ ಒಗಟು ಕಟ್ಟಿದ್ದು ಗೋಲೆನೂರ್ ಖಾಲಾಳ ಮರ್ಯಾದೆ! ಆಮೇಲೆ ಅವಳ ಕಣ್ಣು ಮತ್ತೆ ಆ ಹಸಿರು ಗುಡ್ಡೆಯ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು. ಹುಟ್ಟಿದಾಗಿನಿಂದ ಈ ಕೂಸು ಕರಗುತ್ತಿದೆ, ವಾರವಾರವೂ ಆ ಮನೆಯಲ್ಲಿ ಕೂತು ಮಂಡಕ್ಕಿ ತಿಂದವಳಿಗೆ ಯಾಕೆಂದು ಗೊತ್ತಾಗಲಿಲ್ಲ. ಅವಳಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು.

"ಆ ಕೂಸಿಗೆ ಏನು ಕುಡಿಸ್ತೀರ? ನಿಜ ಹೇಳು ಖಾಲಾ. ಎದೆಹಾಲು ತಾನೇ?"

ಮುದುಕಿ ಬಟ್ಟೆ ಹಿಂಡತೊಡಗಿದಳು. ಎದುರಿನ ಮನೆಯೊಳಗಿನಿಂದ ಸೊಸೆ ಮೊರ್ಜಿನಾ ಬಂದಳು, ತಲೆ ತಗ್ಗಿಸಿ ನಿಂತಳು. ಸೆರಗಿನ ಅಡಿಯಿಂದ ಒಂದು ಬಾಟಲಿ ಹೊರಬಂತು, ತಳದಲ್ಲಿ ಬೂದುಬಣ್ಣದ ತೆಳ್ಳನೆಯ ರವೆ ಗಂಜಿ.

"ಇಬ್ಬರಿಗೆ ಸಾಲಲ್ಲ ಅಂದ್ರು ಅತ್ತೆ. ಗಂಡು ಗಟ್ಟಿಯಾಗ್ಲಿ ಅಂತ ಅವನಿಗೆ ಎದೆ. ಟುನಿಗೆ ಇದು. ನೀವು ಬೈತೀರ ಅಂತ ನೀವು ಬಂದಾಗ ಬಚ್ಚಿಡ್ತಿದ್ವಿ ಆಪಾ."

"ಬೈದೇ ಇನ್ನೇನು ಮುತ್ತಿಡ್ತೀನಾ!" ಎಂದು ಅಂಬಿಯಾ ಗಲ್ಲಿಯ ಆ ತುದಿಗೆ ಕೇಳುವಂತೆ ಕಿರುಚಿದಳು. "ಹಾಲು ಸಾಲಲ್ಲ ಅಂತ ಯಾರು ಅಳೆದು ನೋಡಿದ್ರು? ಕೂಸು ಎಷ್ಟು ಚೀಪುತ್ತೋ ಎದೆ ಅಷ್ಟು ಕೊಡುತ್ತೆ. ಎರಡು ಬಾಯಿಗೆ ಎರಡು ಎದೆ ಅಲ್ಲಾಹು ಕೊಟ್ಟಿಲ್ವಾ?"

ಭಾನುವಾರ ಬೆಳಿಗ್ಗೆ ಅವಳು ಡಾಕ್ಟರ್ ಕೋಣೆಯ ಬಾಗಿಲಲ್ಲಿ ನಿಂತಳು. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದಳು. ಬಾಡಿಗೆ, ಔಷಧಿ, ಅಕ್ಕಿ, ಎಲ್ಲ ಕಣ್ಣಮುಂದೆ ಬಂತು. ಆದರೂ ಒಂದೇ ಉಸಿರಿಗೆ ಎಲ್ಲ ಒದರಿದಳು. ಚಾಪೆ, ಚಹಾ, ಪರದೆ, ಎರಡು ಪಾಲು, ಬಾಟಲಿ.

ನಾಹಿದ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂತ ಅಂಬಿಯಾ ಗಾಬರಿಯಾದಳು. ನೋಡಿದರೆ ನಗುತ್ತಿದ್ದಳು, ಕನ್ನಡಕ ಕೆಳಗೆ ಬಿತ್ತು.

"ಒಳ್ಳೇದನ್ನೇ ಕೊಡ್ಬೇಕು ಅಂತ! ಮುಂದಿನ ತಿಂಗಳ ಸಭೆಗೆ ಈ ಅವಳಿಗಳ ಚಿತ್ರ ಬೇರೆ ರೆಡಿ ಮಾಡಿದ್ದೆ ನಾನು!" ಕಣ್ಣೊರೆಸಿಕೊಂಡು ಅವಳು ಗಂಭೀರಳಾದಳು. "ಅಷ್ಟೊಂದು ಒಂದೇ ಥರ ಇದ್ದಾಗ ನನಗೇ ಅನುಮಾನ ಬರ್ಬೇಕಿತ್ತು. ಒಗಟು ಚೆಂದ ಇತ್ತು, ಅದಕ್ಕೇ ಕಣ್ಣು ಮುಚ್ಕೊಂಡೆ. ಇರ್ಲಿ. ಇನ್ಮೇಲೆ ಯಾರ ಮನೇಲೂ ಕೂರಬೇಡಿ, ನಿಮ್ಮ ಕೈಯಾರೆ ಕೂಸಿನ ಬಟ್ಟೆ ಬಿಚ್ಚಿ. ಈಗ ಮೊದಲು ಆ ಕೂಸನ್ನ ಕರ್ಕೊಂಡು ಬನ್ನಿ."

ಟುನಿಯನ್ನು ತೂಗಿದರು, ಔಷಧಿ ಕೊಟ್ಟರು, ಅವಳದೇ ಆದ ಕಕ್ಕವನ್ನು ಕಡೆಗೂ ಪರೀಕ್ಷೆ ಮಾಡಿದರು. ಈ ಸಲದ ಕಂಬಕ್ಕೂ ಅಣ್ಣನ ಕಂಬಕ್ಕೂ ಸಂಬಂಧವೇ ಇರಲಿಲ್ಲ. ರಾಹಾತನ ಹೊಟ್ಟೆಯಲ್ಲಿ ತಾಯಿಹಾಲು ತಿಂದು ಬದುಕುವ ಒಂದು ಜಾತಿ ಮನೆಯ ಯಜಮಾನನ ಹಾಗೆ ಹರಡಿಕೊಂಡಿತ್ತು. ಟುನಿಯದರಲ್ಲಿ ಅದು ಹುಡುಕಿದರೂ ಸಿಗಲಿಲ್ಲ. ಬೇರೆ ಯಾವ್ಯಾವುದೋ ಕಲಬೆರಕೆ.

"ಹಾಗಾದ್ರೆ ಇದಕ್ಕೇ ಹನಿ ಹಿಡೀಲಿಲ್ಲ! ಸಿಕ್ತಲ್ಲಾ ಕಳ್ಳ!" ಎಂದು ಅಂಬಿಯಾ ಮೇಜು ಕುಟ್ಟಿದಳು.

"ಇರಬಹುದು. ಬಾಟ್ಲಿ ಹೊಲಸಿಂದ ಕರುಳು ಸವೆದು ಹೋಗಿತ್ತೋ, ಭೇದಿ ಜೊತೆ ಹನೀನೂ ಕೊಚ್ಚಿ ಹೋಯ್ತೋ, ಈ ಜೀವಿಗಳೇ ಜಾಗ ಕೊಡ್ಲಿಲ್ವೋ. ಒಂದು ಕೂಸು ನೋಡಿ ಹೇಳೋಕಾಗಲ್ಲ ಆಪಾ. ಅದಕ್ಕೇ ನಿಮ್ಮನ್ನ ಇಷ್ಟು ಮನೆ ತಿರುಗಿಸ್ತಿರೋದು."

"ಇಷ್ಟೆಲ್ಲ ಓದಿ, ಕಡೆಗೆ ಇರಬಹುದು ಅಂತೀರಲ್ಲ!"

"ಓದಿರೋದಕ್ಕೇ ಇರಬಹುದು ಅಂತಿರೋದು," ಎಂದು ನಕ್ಕಳು ನಾಹಿದ್. ಅಂಬಿಯಾಗೆ ಆ ಉತ್ತರ ಎಳ್ಳಷ್ಟೂ ಹಿಡಿಸಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಗೊಣಗಿಕೊಂಡು ಹೋದಳು. ಮತ್ತೊಮ್ಮೆ ಹನಿ ಹಾಕಿ ಅಂದರೆ ಅದಕ್ಕೂ ವಯಸ್ಸು ಮೀರಿತಂತೆ. ಉಳಿದದ್ದು ಒಂದೇ: ಚಳಿಗಾಲ ಕಳೆಯುವುದರೊಳಗೆ ಆ ಕೂಸಿನ ಮೈಯಲ್ಲಿ ನಾಲ್ಕು ಹಿಡಿ ಮಾಂಸ ತುಂಬಬೇಕು.

ಕೆಲಸ ಮುಗಿಸಿ ದಿನಾ ಸಂಜೆ ಅವಳು ಆ ಮನೆಗೆ ಹೋದಳು. ಮೊರ್ಜಿನಾಳ ಒಂದೊಂದು ಕಂಕುಳಿಗೆ ಒಂದೊಂದು ಕೂಸು ಸಿಕ್ಕಿಸಿ ಹಾಲು ಕುಡಿಸುವುದನ್ನು ಕಲಿಸಿದಳು. ಬಾಟಲಿ ರುಚಿ ಹತ್ತಿದ್ದ ಟುನಿ ಮೊದಲು ಮುಖ ತಿರುಗಿಸಿ ಅರಚಿತು, ಕಚ್ಚಿತು. ಮೊರ್ಜಿನಾಳೂ ಅತ್ತಳು. ಗೋಲೆನೂರ್ ಮೂಲೆಯಲ್ಲಿ ಕೂತು, "ಕಕ್ಕಕ್ಕೆ ಅಂತ ಬಂದೋಳು ಈಗ ಹಾಲಿಗೂ ಬಂದ್ಲು. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ!" ಎಂದು ಚುಚ್ಚುವಳು. ಚುಚ್ಚುತ್ತಲೇ ಸೊಸೆಯ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕುವಳು. ಬರುಬರುತ್ತಾ ಟುನಿ ಎದೆಗೆ ಹತ್ತಿತು. ಹಸಿರು ಬಟ್ಟೆಗಳು ಕಡಿಮೆಯಾದವು. ಕೆನ್ನೆ ಅಂತ ಹೇಳಬಹುದಾದದ್ದು ಏನೋ ಒಂದು ಮೂಡಿತು.

ಪೌಷಮಾಸದ ಮಂಜು ಬಂತು. ಬೀದಿಯಂಚಿನಲ್ಲಿ ಖರ್ಜೂರದ ಬೆಲ್ಲ ಹಾಕಿ ಅಕ್ಕಿಹಿಟ್ಟಿನ ಕಡುಬು ಬೇಯಿಸುವ ಒಲೆಗಳು ಹೊತ್ತಿದವು. ಅದರ ಜೊತೆಗೇ ಆ ಭೇದಿಯೂ ಗಲ್ಲಿಗೆ ಬಂತು. ರಾಹಾತ್ ಎರಡು ಸಲ ವಾಂತಿ ಮಾಡಿಕೊಂಡ, ಒಂದು ದಿನ ಸಪ್ಪಗಿದ್ದ, ಮಾರನೆಯ ದಿನ ಅಜ್ಜಿಯ ಎಲೆಯಡಿಕೆ ಡಬ್ಬಿ ಉರುಳಿಸಿ ಆಡಿದ. ಅವನಲ್ಲಿ ಹನಿ ಕೆಲಸ ಮಾಡಿತು ಅಂತ ಅಂಬಿಯಾ ಅಂದುಕೊಂಡಳು. ಡಾಕ್ಟರ್ ಕೇಳಿದರೆ ಇರಬಹುದು ಅನ್ನುತ್ತಿದ್ದಳು.

ಟುನಿಗೆ ಬಂದದ್ದು ಬೇರೆಯೇ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ, ಮೊರ್ಜಿನಾ ಬರಿಗಾಲಲ್ಲಿ ಕೂಸನ್ನು ಅವಚಿಕೊಂಡು ಅಂಬಿಯಾಳ ಬಾಗಿಲಿಗೆ ಓಡಿಬಂದಳು. ಹಿಂದೆ ಗೋಲೆನೂರ್, ಕೈಯಲ್ಲಿ ಮಸೀದಿಯ ಮೌಲ್ವಿಯಿಂದ ದುವಾ ಓದಿಸಿ ಊದಿಸಿಕೊಂಡು ಬಂದ ನೀರಿನ ಸೀಸೆ.

"ನೀರಿನ ಥರ ಹೋಗ್ತಾನೇ ಇದೆ ಆಪಾ. ಅಳೋದೂ ನಿಲ್ಸಿದಾಳೆ," ಎಂದಳು ಮೊರ್ಜಿನಾ.

ಅಂಬಿಯಾ ಕೂಸಿನ ಹೊಟ್ಟೆಯ ಚರ್ಮ ಹಿಡಿದೆತ್ತಿ ಬಿಟ್ಟಳು. ಅದು ಹಾಗೆಯೇ ಮಡಿಕೆಯಾಗಿ ನಿಂತಿತು. ಕಣ್ಣು ಗುಳಿ ಬಿದ್ದಿತ್ತು. ಅವಳು ಚಪ್ಪಲಿ ಮೆಟ್ಟಿ, ಅವರನ್ನು ಸಿಕ್ಕ ರಿಕ್ಷಾ ಹತ್ತಿಸಿ ತಾನೂ ಹತ್ತಿದಳು.

ಆಸ್ಪತ್ರೆಯ ಭೇದಿ ವಾರ್ಡಿನಲ್ಲಿ ಮಂಚಗಳೆಲ್ಲ ತುಂಬಿದ್ದವು. ನರ್ಸ್ ಕೈಯಲ್ಲಿ ನರ ಸಿಗದೆ ಕಡೆಗೆ ಹಣೆಯ ಪಕ್ಕದಲ್ಲಿ ಸೂಜಿ ಚುಚ್ಚಿ ಸಲೈನ್ ಹಾಕಿದಳು. ಮೊರ್ಜಿನಾ ರಾತ್ರಿಯಿಂದ ನಿಂತೇ ಇದ್ದವಳು, ಗೋಡೆಗೆ ಒರಗಿದಲ್ಲೇ ಕುಸಿದಳು. ಹಾಗಾಗಿ ಕೂಸನ್ನು ಅಂಬಿಯಾಳ ಮಡಿಲಿಗೆ ಹಾಕಿದರು.

"ಮೂತ್ರ ಯಾವಾಗ ಮಾಡಿದ್ದು?" ಎಂದು ಕೇಳಿದಳು ನರ್ಸ್.

ಅಮ್ಮ, ಅಜ್ಜಿ, ಅಂಬಿಯಾ, ಯಾರಿಗೂ ಗೊತ್ತಿರಲಿಲ್ಲ.

"ಮಾಡಿದ ತಕ್ಷಣ ಹೇಳಿ. ಅದು ಬಂದ್ರೆ ಮೈಗೆ ನೀರು ಹತ್ತಿತು ಅಂತ. ಅಲ್ಲೀತನಕ ಏನೂ ಹೇಳೋಕಾಗಲ್ಲ," ಎಂದು ನರ್ಸ್ ಮುಂದಿನ ಮಂಚಕ್ಕೆ ಹೋದಳು.

ಅಂಬಿಯಾ ಚಮಚದಲ್ಲಿ ಉಪ್ಪು ಸಕ್ಕರೆ ನೀರನ್ನು ತೊಟ್ಟು ತೊಟ್ಟಾಗಿ ಆ ತುಟಿಗಳ ನಡುವೆ ಬಿಡುತ್ತಾ ಕೂತಳು. ಕೊಳವೆಯಲ್ಲಿ ಹನಿ ಇಳಿಯುತ್ತಿತ್ತು. ಬಿಸಿಲು ಕಿಟಕಿಗೆ ಬಂತು, ಕಿಟಕಿಯಿಂದ ನೆಲಕ್ಕೆ ಇಳಿಯಿತು. ಗೋಲೆನೂರ್ ಒಂದೇ ಸಮನೆ ಜಪಮಾಲೆ ಎಳೆಯುತ್ತಿದ್ದಳು. ಒಮ್ಮೆ ಜಪ ನಿಲ್ಲಿಸಿ, "ನಾನೇ ಕೊಂದೆನಾ ಮಗಾ? ಗಂಡು ಗಟ್ಟಿಯಾಗ್ಲಿ ಅಂತ..." ಎಂದಳು. ಅಂಬಿಯಾ, "ಬಾಯ್ಮುಚ್ಚು ಖಾಲಾ, ಇನ್ನೂ ಉಸಿರಿದೆ," ಎಂದಳು. ಅವಳಿಗೂ ಭಯವಾಗಿತ್ತು. ಡಾಕ್ಟರ್, ಜೀವಿಗಳು, ಬಣ್ಣದ ಕಂಬಗಳು ಎಲ್ಲ ತಲೆಯಿಂದ ಹಾರಿಹೋಗಿದ್ದವು. ಅವಳ ಜೀವವೆಲ್ಲ ಮಡಿಲಿಗೆ ಬಂದು ಕೂತಿತ್ತು.

ಮಧ್ಯಾಹ್ನದ ಅಜಾನ್ ಕೇಳುವ ಹೊತ್ತಿಗೆ ಅವಳ ತೊಡೆಯ ಮೇಲೆ ಏನೋ ಬೆಚ್ಚಗಾಯಿತು. ಮೊದಲು ಅವಳು ನಂಬಲಿಲ್ಲ. ಕೈ ಹಾಕಿ ನೋಡಿದಳು. ಸೀರೆ ಒದ್ದೆ, ನೆರಿಗೆಯುದ್ದಕ್ಕೂ ಇಳಿಯುತ್ತಿತ್ತು.

"ಉಚ್ಚೆ! ಸಿಸ್ಟರ್, ಉಚ್ಚೆ ಹೊಯ್ದಳು! ಮೊರ್ಜಿನಾ, ಏಳೇ, ನಿನ್ನ ಮಗಳು ಉಚ್ಚೆ ಹೊಯ್ದಳು ಕಣೇ!" ಎಂದು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು. ಆ ಗಲಾಟೆಗೆ ಟುನಿ ಕಣ್ಣು ಬಿಟ್ಟು, ಮುಖ ಸೊಟ್ಟ ಮಾಡಿ, ಕೀರಲು ದನಿಯಲ್ಲಿ ಅಳತೊಡಗಿತು. ಮೊರ್ಜಿನಾ ಎದ್ದು ಬಂದು ಕೂಸಿನ ಕಾಲಿಗೆ ಮುಖ ಒತ್ತಿದಳು.

ಗೋಲೆನೂರ್ ಗಡಿಬಿಡಿಯಿಂದ ಸೆರಗು ಹಿಡಿದು ಅಂಬಿಯಾಳ ಮಡಿಲು ಒರೆಸಲು ಬಗ್ಗಿದಳು. "ಇತ್ತ ಕೊಡು ಕೂಸನ್ನ, ಪೂರ್ತಿ ನೆಂದು ಹೋದೆ. ಹೋಗಿ ಸೀರೆ ಬದಲಾಯಿಸ್ಕೊಂಡು ಬಾ."

ಅಂಬಿಯಾ ಮುದುಕಿಯ ಕೈ ಹಿಡಿದು ತಡೆದಳು. ಅವಳ ಗಲ್ಲದ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಒರೆಸ್ಬೇಡ ಖಾಲಾ, ಇರ್ಲಿ ಬಿಡು. ಭೋಲಾದಲ್ಲಿ ನಂಗೂ ಒಂದು ಹೆಣ್ಣು ಕೂಸಿತ್ತು, ಮೊಯ್ನಾ ಅಂತ. ಇದೇ ಭೇದಿ. ಆಸ್ಪತ್ರೆಗೆ ಹೋಗೋಕೆ ದೋಣಿ ಬರ್ಲಿ ಅಂತ ದಿನವೆಲ್ಲ ಹಿಂಗೇ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದೆ. ಸಾಯೋವರೆಗೂ ನನ್ನ ಮಡಿಲು ಒಣಗೇ ಇತ್ತು."